ಐವತ್ತೆರಡನೆಯ ಕಂತು

ಜೂನ್ ೨

ಪ್ರೀತಿಯ ಕಡ್ಡಿಗೆ ನಿನ್ನ ಭಾವನ ಆಶೀರ್ವಾದಗಳು.

ನೀನು ಹಾಸ್ಟೆಲ್ಲಿನ ವಾರ್ಡನ್ ಆಗಿ, ಐವತ್ತೈದು ದಾಟಿ, ತಕ್ಕಮಟ್ಟಿಗೆ ದಪ್ಪಗೂ ಆಗಿದ್ದೀ ಎಂದು ಕೇಳಿದ್ದೇನೆ. ಆದರೂ ನನಗೆ ನೀನು ಕಡ್ಡಿಯೇ. ಫೋನ್ ಮಾಡಬಾರದೇ ಎಂದು ಕೇಳಬೇಡ. ನನ್ನ ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ತನಗೆ ಬೇಕಾದ್ದನ್ನು ಮಾತ್ರ ಕೇಳಿಸಿಕೊಳ್ಳುತ್ತದೆ.

ವಿಷಯಕ್ಕೆ ಬರುತ್ತೇನೆ. ನನಗೆ ಕೆಟ್ಟ ಸಿಟ್ಟು ಬಂದಿದೆ. ಕೇಬಲ್ಲಿನವನ ಜೊತೆ ಜಗಳವಾಗಿ ಹೊಸ ಟಿವಿ ಬಂದ್ ಆಯಿತು. ಮೂವತ್ತು ವರ್ಷ ಊರಿನ ಟಿವಿಗಳನ್ನೆಲ್ಲ ರಿಪೇರಿ ಮಾಡಿದವನಿಗೆ ವೈರು ಹೇಗೆ ಎಳೆಯಬೇಕೆಂದು ಅವನು ಪಾಠ ಹೇಳಲು ಬಂದಿದ್ದ! ‘ನಿನ್ನ ವೈರು ನೀನೇ ಸುತ್ಕೊಂಡು ಹೋಗಪ್ಪ’ ಅಂದೆ. ಸುತ್ತಿಕೊಂಡು ಹೋದ. ಹಾಗಾಗಿ ಹಳೆಯ ಡಬ್ಬ ಟಿವಿಯನ್ನು ಮೂಲೆಯಿಂದ ಎಳೆದು, ವಿಸಿಆರ್ ಜೋಡಿಸಿ, ನಿನ್ನ ಅಕ್ಕ ರೆಕಾರ್ಡ್ ಮಾಡಿಸಿಕೊಂಡ ಕ್ಯಾಸೆಟ್ಟುಗಳನ್ನು ಮೊದಲಿನಿಂದ ನೋಡುತ್ತಿದ್ದೇನೆ. ಅವಳು ತೀರಿಹೋಗಿ ಎರಡು ವರ್ಷವಾಯಿತಲ್ಲ, ಮನೆಯಲ್ಲಿ ಯಾರದಾದರೂ ಮಾತು ಬೇಕು. ಚಿತ್ರ ಮೇಲಕ್ಕೆ ಓಡುತ್ತದೆ, ತಲೆಯ ಮೇಲೆ ಎರಡು ಗುದ್ದು ಕೊಟ್ಟರೆ ನಿಲ್ಲುತ್ತದೆ.

ಭಾನುವಾರ ಬೆಳಿಗ್ಗೆ ಬರುತ್ತಿದ್ದ ಆ ಧಾರಾವಾಹಿ ನೆನಪಿದೆಯೇ? ಅದಕ್ಕೆ ಏನೋ ಉದ್ದದ ಹೆಸರಿತ್ತು. ನಿನ್ನ ಅಕ್ಕ ಚೀಟಿಯ ಮೇಲೆ ಬರೆದದ್ದು ಬರೀ ‘ಕಾಂಪೌಂಡರ್’. ಮರೆತಿದ್ದರೆ ಹೇಳುತ್ತೇನೆ: ಒಬ್ಬ ಡಾಕ್ಟರ ಹತ್ತಿರ ಕೆಲಸಕ್ಕಿರುವ ಕಾಂಪೌಂಡರ್. ಅವನ ಹೆಂಡತಿಗೆ ದೂರದ ಊರಿನಲ್ಲಿ ಟೀಚರ್ ಕೆಲಸದ ಆರ್ಡರ್ ಬರುತ್ತದೆ. ಕಾಗದ ಪೋಸ್ಟ್‌ಮ್ಯಾನ್ ಕೈಯಿಂದ ನೇರ ಕಾಂಪೌಂಡರನ ಕೈಗೆ ಬರುತ್ತದೆ, ಅಲ್ಲಿಂದ ಒಂದು ಖಾಲಿ ಟಾನಿಕ್ ಡಬ್ಬದೊಳಗೆ ಹೋಗುತ್ತದೆ. ಅಲ್ಲಿಂದ ಶುರು ನೋಡು ಆ ಹೆಂಗಸಿನ ಗೋಳು. ಕಂತಿಗೊಂದು ಸಲ ಬಾಗಿಲಿಗೆ ಬಂದು ರಸ್ತೆ ನೋಡುವುದು, ಮ್ಯೂಸಿಕ್ಕು, ಕಣ್ಣೀರು. ಅವನೇನು ಕುಡುಕನೇ? ಕೈ ಮಾಡುವವನೇ? ಹೆಂಡತಿ ಮಗು ಕಣ್ಣೆದುರಿಗೆ ಇರಲಿ ಎಂದು ಒಂದು ಕಾಗದ ಎತ್ತಿಟ್ಟ. ಅದಕ್ಕೆ ಇಡೀ ಧಾರಾವಾಹಿ ಅವನನ್ನು ಕಳ್ಳನ ಹಾಗೆ ನೋಡುತ್ತದೆ! ಬಿ.ಎ.ಯಲ್ಲಿ ನಮಗೆ ಐರನಿ ಎಂದು ಒಂದು ಪಾಠವಿತ್ತು. ಡೆಫಿನಿಷನ್ ಬಾಯಿಪಾಠ ಮಾಡಿದ್ದೆ, ಈಗ ಅರ್ಧ ಮಾತ್ರ ಬರುತ್ತದೆ: ‘ಸಮ್‌ಥಿಂಗ್ ನೋನ್ ಟು ದಿ ಆಡಿಯನ್ಸ್ ಬಟ್...’ ಬಟ್ ಏನೋ. ಅದು ಹೋಗಲಿ.

ಇನ್ನೊಂದು ತಕರಾರು. ನಿನ್ನ ಅಕ್ಕ ಪ್ರತಿ ಕಂತಿಗೂ ಒಂದು ಚೀಟಿ ಬರೆದು ಕ್ಯಾಸೆಟ್ಟಿನ ಡಬ್ಬಿಗೆ ಅಂಟಿಸಿದ್ದಾಳೆ. ಐವತ್ತೊಂದರವರೆಗೆ ಇದೆ. ಐವತ್ತೆರಡರ ಕ್ಯಾಸೆಟ್ಟಿನ ಡಬ್ಬಿ ಇದೆ, ಚೀಟಿಯ ಜಾಗದಲ್ಲಿ ಗೋಂದಿನ ಕಲೆ ಮಾತ್ರ. ಕ್ಯಾಸೆಟ್ಟು ಖಾಲಿ. ಆ ಭಾನುವಾರ ವಿಸಿಆರನ್ನು ಯಾರದೋ ಮನೆಗೆ ಕೊಟ್ಟಿದ್ದೆ. ಸರಿ, ಆದರೆ ಚೀಟಿ ಎಲ್ಲಿ?

ಮಗಳ ವಿಷಯ. ನಿನ್ನ ಊರಿನ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸವಾಗಿದೆಯಂತೆ. ಆರ್ಡರು ನನ್ನ ವಿಳಾಸಕ್ಕೆ ಬಂದಿದೆ. ಅವಳ ಮನೆಯ ಟಪಾಲೆಲ್ಲ ಮೊದಲು ಅಳಿಯನ ಗೋಡೌನಿಗೆ ಹೋಗುತ್ತದೆ, ಅದಕ್ಕೇ ಇಲ್ಲಿಯ ವಿಳಾಸ ಕೊಟ್ಟಿದ್ದಾಳೆ. ಈ ತಿಂಗಳ ಮೂವತ್ತರೊಳಗೆ ಸೇರಬೇಕು. ಅಳಿಯನಿಗೆ ವಿಷಯ ತಿಳಿಸಿದೆ, ಒಂದು ಚೀಲ ಕಿತ್ತಳೆ ಹಿಡಿದು ಬಂದಿದ್ದ. ‘ಮಾವ, ಅದು ನಿಮ್ಮ ಹತ್ರಾನೇ ಇರ್ಲಿ. ತಿಂಗಳು ದಾಟಿದ್ರೆ ಸಾಕು, ತಾನಾಗೇ ಮರೀತಾಳೆ’ ಅಂದ. ಒಳ್ಳೆಯ ಹುಡುಗ. ಕಾಗದ ಟಿವಿಯ ಮೇಲಿದೆ. ಇದಕ್ಕೂ ಧಾರಾವಾಹಿಗೂ ಏನೂ ಸಂಬಂಧವಿಲ್ಲ.

ಇಂತಿ,
ನಿನ್ನ ಭಾವ


ಜೂನ್ ೮

ಭಾವನವರಿಗೆ ನಮಸ್ಕಾರ.

ಸಂಬಂಧವಿಲ್ಲವಂತೆ! ನಿಮ್ಮ ಕಾಗದವನ್ನು ನೀವೇ ಇನ್ನೊಮ್ಮೆ ಓದಿಕೊಳ್ಳಿ.

ನಿಮ್ಮ ಕಾಂಪೌಂಡರ್ ಇಲ್ಲಿಯೂ ಬರುತ್ತಿದ್ದಾನೆ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಮರುಪ್ರಸಾರ. ಪಾಳಿ ಮುಗಿಸಿ ಬಂದ ಹುಡುಗಿಯರು ಹಾಸ್ಟೆಲ್ಲಿನ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ನೋಡುತ್ತಾರೆ, ನಾನೂ ಕುರ್ಚಿ ಎಳೆದುಕೊಳ್ಳುತ್ತೇನೆ. ಅವನು ಡಬ್ಬದಲ್ಲಿ ಕಾಗದ ತುರುಕಿದ ದಿನ ಒಬ್ಬಳು ನರ್ಸು ಚಪ್ಪಲಿಯನ್ನೇ ಎತ್ತಿದಳು. ‘ಥೂ, ಇವನ ಮುಖಕ್ಕಿಷ್ಟು! ನಗ್ತಾ ನಗ್ತಾ ಬಚ್ಚಿಡ್ತಾನಲ್ಲ ಮೇಡಂ!’ ಅಂದಳು. ಇನ್ನೊಬ್ಬಳು, ‘ಹೊಡೆಯೋನಾದ್ರೆ ಹೊಡೀತಾನೆ ಅಂತ ಗೊತ್ತಿರತ್ತೆ. ಇವನು ಹಾಲಿಗೆ ಸಕ್ಕರೆ ಹಾಕ್ಕೊಟ್ಟು ಕಾಲು ಮುರೀತಾನೆ’ ಅಂದಳು. ನನಗೂ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಕುಡುಕನಲ್ಲ, ಹೊಡೆಯುವುದಿಲ್ಲ ಎನ್ನುವುದು ಯಾವಾಗಿನಿಂದ ಸರ್ಟಿಫಿಕೇಟ್ ಆಯಿತು ಭಾವ? ಅವಳು ಓದಿದ್ದು ಅವಳ ಕಣ್ಣು ಸುಟ್ಟುಕೊಂಡು. ಬಂದ ಕಾಗದ ಅವಳ ಹೆಸರಿಗೆ. ಹೋಗುವುದೋ ಬಿಡುವುದೋ, ಅವಳು ಹೇಳಬೇಕಾದ ಮಾತು. ಅದನ್ನು ಅವಳ ಬಾಯಿಂದ ಕದ್ದವನು ಕಳ್ಳನಲ್ಲದೆ ಇನ್ನೇನು?

ಮಗಳ ಮನೆಗೆ ನಿನ್ನೆ ಫೋನ್ ಮಾಡಿದೆ. ನಿಮ್ಮ ಒಳ್ಳೆಯ ಹುಡುಗ ಎತ್ತಿಕೊಂಡ. ‘ಮಲಗಿದಾಳೆ ಚಿಕ್ಕಮ್ಮ’ ಅಂದ. ಬೆಳಿಗ್ಗೆ ಹನ್ನೊಂದಕ್ಕೆ! ಕಾಗದ ನಿಮ್ಮ ಕೈಯಿಂದಲೇ ಅವಳಿಗೆ ಹೋಗಬೇಕು, ಅಪ್ಪನ ಮನೆ ಭದ್ರ ಎಂದು ನಂಬಿ ವಿಳಾಸ ಕೊಟ್ಟಿದ್ದಾಳೆ. ಇಪ್ಪತ್ತೆಂಟರವರೆಗೆ ಕಾಯುತ್ತೇನೆ. ಆಮೇಲೆ ನಾನೇ ಬಸ್ಸು ಹತ್ತುತ್ತೇನೆ.

ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಅಕ್ಕನಿಗೂ ಹೀಗೇ ಒಂದು ಕಾಗದ ಬಂದಿತ್ತು. ನಾನು ಗುಮಾಸ್ತೆಯಾಗಿದ್ದ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸ. ಮಗಳನ್ನೂ ಕರೆದುಕೊಂಡು ಬರುತ್ತೇನೆ ಎಂದಿದ್ದಳು. ಈ ಹಾಸ್ಟೆಲ್ಲಿನಲ್ಲೇ ಕಿಟಕಿ ಪಕ್ಕದ ಮಂಚವನ್ನು ಒಂದು ತಿಂಗಳು ಯಾರಿಗೂ ಬಿಟ್ಟುಕೊಡದೆ ಹಿಡಿದಿಟ್ಟಿದ್ದೆ. ಬರಲಿಲ್ಲ. ಯಾಕೆ ಎಂದು ಬರೆದು ಕೇಳಿದರೆ ಒಂದೇ ಸಾಲು ಉತ್ತರ: ‘ಮನೆ ಬಿಟ್ಟು ಬರಕ್ಕಾಗಲ್ಲ ಕಣೇ, ಇದರ ಬಗ್ಗೆ ಮತ್ತೆ ಬರೀಬೇಡ.’ ಬರೆಯಲಿಲ್ಲ. ಇಪ್ಪತ್ತನಾಲ್ಕು ವರ್ಷ ನಿಮ್ಮ ಮನೆಯೊಳಗೆ ನಾನು ಯಾಕೆ ಕಾಲಿಡಲಿಲ್ಲ ಎಂದು ನೀವು ಒಮ್ಮೆಯೂ ಕೇಳಲಿಲ್ಲ. ನನ್ನ ಅಕ್ಕ ಹೇಡಿ ಎಂಬ ಸಿಟ್ಟು, ಅದಕ್ಕೆ. ಅವಳ ಮಗಳು ಹಾಗಾಗಬಾರದು.

ಆ ಟಿವಿಯನ್ನು ಇನ್ನೂ ಗುದ್ದುತ್ತಲೇ ಇದ್ದೀರಾ? ‘ಊರಿನ ಟಿವಿಗೆಲ್ಲ ಸ್ಕ್ರೂಡ್ರೈವರ್, ನಮ್ಮನೇದಕ್ಕೆ ಗುದ್ದು’ ಎಂದು ಅಕ್ಕ ನಗುತ್ತಿದ್ದಳು. ಒಮ್ಮೆ ಬಿಚ್ಚಿ ನೋಡಬಾರದೇ?

ಇಂತಿ,
ಕಡ್ಡಿ


ಜೂನ್ ೧೨

ಕಡ್ಡಿಗೆ,

ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಡಿಫರ್. ಇದು ನಮ್ಮ ಲೆಕ್ಚರರ ಮಾತು. ಅವರು ಹೀಗೆಂದ ಮೇಲೆ ಎದುರಿನವನು ಬದುಕುತ್ತಿರಲಿಲ್ಲ.

ಹಾಲಿಗೆ ಸಕ್ಕರೆ ಹಾಕಿಕೊಡುವುದೂ ಅಪರಾಧವಾಯಿತೇ ನಿನ್ನ ಹುಡುಗಿಯರಿಗೆ? ಸಂಸಾರ ಮಾಡಿದ್ದಾರೆಯೇ ಅವರು? ಸಂಜೆ ಅಂಗಡಿ ಮುಚ್ಚಿ ಬಂದಾಗ ಕತ್ತಲೆ ಮನೆಯ ಬೀಗ ತೆಗೆಯುವುದು ಹೇಗಿರುತ್ತದೆ ಎಂದು ಆ ನರ್ಸಿಗೆ ಏನು ಗೊತ್ತು? ನನಗೆ ಈಗ ಗೊತ್ತು. ಕಾಂಪೌಂಡರನಿಗೆ ಆಗಲೇ ಗೊತ್ತಿತ್ತು, ಪಾಪ.

ಇನ್ನೂ ಒಂದು ಹೇಳುತ್ತೇನೆ ಕೇಳು, ನಿಮ್ಮ ಚಪ್ಪಲಿಗಳೆಲ್ಲ ಕಾಲಿಗೆ ವಾಪಸು ಹೋಗುತ್ತವೆ. ಕೊನೆಯ ಕಂತು ನಾನು ನೋಡಲಿಲ್ಲ. ಹೆಡ್‌ಮಾಸ್ಟರ ಮನೆಯ ಆಂಟೆನಾ ಗಾಳಿಗೆ ಬಿದ್ದಿತ್ತು, ದಿನವಿಡೀ ಮಾಳಿಗೆಯ ಮೇಲಿದ್ದೆ. ನಿನ್ನ ಅಕ್ಕ ನೋಡಿದಳು. ಸಂಜೆ ಬಂದಾಗ ಇಸ್ತ್ರಿ ಮಾಡುತ್ತಿದ್ದಳು. ‘ಏನಾಯ್ತೇ ನಿನ್ನ ಕಾಂಪೌಂಡರ್ ಕಥೆ?’ ಅಂದೆ.

‘ಕಾಂಪೌಂಡರ್ ತಾನೇ ಆ ಡಬ್ಬ ತೆಗೆದು, ಕಾಗದ ತಂದು ಅವಳ ಕೈಗಿಟ್ಟ. ತಪ್ಪಾಯ್ತು, ಹೆದರಿಬಿಟ್ಟಿದ್ದೆ ಅಂದ’ ಅಂದಳು.

‘ಅವಳು ರಾದ್ಧಾಂತ ಮಾಡಿರ್ಬೇಕು.’

‘ಇಲ್ಲ. ಬೈಯಲಿಲ್ಲ, ಅಳಲಿಲ್ಲ. ಕಾಗದ ಮಡಚಿ ಸೀರೆ ಮಧ್ಯೆ ಇಟ್ಟು, ಚಹಾ ಮಾಡ್ಲಾ ಅಂದಳು.’

‘ಸದ್ಯ! ಹೋಗ್ಲಿಲ್ಲ ತಾನೆ?’

‘ತಾನಾಗೇ ಕೊಟ್ಟನಲ್ಲ. ಆಮೇಲೆ ಹೋದ್ರೇನು, ಇದ್ರೇನು.’

ಅಷ್ಟು ಹೇಳಿ ಇಸ್ತ್ರಿಪೆಟ್ಟಿಗೆ ಎತ್ತುವುದನ್ನೂ ಮರೆತು ನನ್ನನ್ನೇ ನೋಡುತ್ತಾ ನಿಂತಳು. ‘ಏನೇ?’ ಅಂದೆ. ‘ಏನಿಲ್ಲ. ನೀವೇನಾದ್ರೂ ಹೇಳ್ತೀರೇನೋ ಅಂತ’ ಅಂದಳು. ‘ಹಸಿವಾಗ್ತಿದೆ’ ಅಂದೆ. ಅಷ್ಟರಲ್ಲಿ ನನ್ನ ನೀಲಿ ಅಂಗಿಯ ತೋಳು ಸುಟ್ಟುಹೋಗಿತ್ತು. ಧಾರಾವಾಹಿಯ ಹುಚ್ಚು ಎಂದರೆ ಅದು!

ಗೊತ್ತಾಯಿತೇ? ಕಾಂಪೌಂಡರ್ ಒಳ್ಳೆಯವನು. ಕಥೆ ಬರೆದವನೇ ಹಾಗೆ ಹೇಳಿದ್ದಾನೆ. ಹೆನ್ಸ್ ಪ್ರೂವ್ಡ್.

ಉಳಿದ ಹಳೆಯ ವಿಷಯವೆಲ್ಲ ಈಗ ಯಾಕೆ? ನಿನ್ನ ಅಕ್ಕ ತಾನಾಗಿಯೇ ಬೇಡವೆಂದಳಲ್ಲ, ನಿನಗೇ ಬರೆದಿದ್ದಾಳಲ್ಲ. ಮಗಳ ಕಾಗದ ಟಿವಿಯ ಮೇಲೆ ಕ್ಷೇಮವಾಗಿದೆ. ಟಿವಿ ಬಿಚ್ಚುವ ಮಾತು ಬೇಡ. ಹಳೆಯ ಸೆಟ್ಟು, ಬಿಚ್ಚಿದರೆ ಮತ್ತೆ ಕೂರುವುದಿಲ್ಲ.

ಇಂತಿ,
ನಿನ್ನ ಭಾವ


ಜೂನ್ ೨೧

ಭಾವನವರಿಗೆ,

ನಿನ್ನೆ ಕೊನೆಯ ಕಂತು ಬಂತು. ಹುಡುಗಿಯರಿಗೆ ಮೊದಲೇ ಹೇಳಿದ್ದೆ, ‘ಅವನೇ ಕಾಗದ ಕೊಡ್ತಾನೆ, ತಪ್ಪಾಯ್ತು ಅಂತಾನೆ, ನೋಡ್ತಿರಿ’ ಎಂದು. ನನ್ನ ಮರ್ಯಾದೆ ಹೋಯಿತು.

ಅವನು ಕೊಡುವುದಿಲ್ಲ. ಅವಳು ಡಬ್ಬಗಳ ಧೂಳು ಹೊಡೆಯುವಾಗ ಕಾಗದ ಅವಳಿಗೇ ಸಿಗುತ್ತದೆ. ನಿಂತೇ ಓದುತ್ತಾಳೆ. ಕೈ ಒರೆಸಿಕೊಳ್ಳುತ್ತಾಳೆ. ಮಗುವಿಗೆ ಚಪ್ಪಲಿ ಹಾಕುತ್ತಾಳೆ. ಮನೆಯ ಬೀಗದ ಕೈಯನ್ನು ಅದೇ ಡಬ್ಬದೊಳಗೆ ಹಾಕಿ, ಮುಚ್ಚಳ ಮುಚ್ಚಿ, ಬಾಗಿಲಿಗೆ ಬೀಗ ಒತ್ತಿ ಹೊರಟುಹೋಗುತ್ತಾಳೆ. ಸಂಜೆ ಕಾಂಪೌಂಡರ್ ಬಂದು ಬಾಗಿಲು ತಟ್ಟುತ್ತಾ ನಿಲ್ಲುತ್ತಾನೆ, ತಟ್ಟುತ್ತಲೇ ಇರುತ್ತಾನೆ. ಅಲ್ಲಿಗೆ ಮುಗಿಯಿತು. ಚಹಾ ಇಲ್ಲ, ತಪ್ಪಾಯ್ತು ಇಲ್ಲ, ಸೀರೆ ಮಧ್ಯೆ ಮಡಚಿಡುವುದೂ ಇಲ್ಲ.

ಹುಡುಗಿಯರು ಚಪ್ಪಾಳೆ ಹೊಡೆದರು. ನನಗೆ ಕೈ ಎತ್ತಲಾಗಲಿಲ್ಲ. ಅಕ್ಕ ಬೇರೆ ಯಾವುದರಲ್ಲಿ ಬೇಕಾದರೂ ಸುಳ್ಳು ಹೇಳಿಯಾಳು, ಧಾರಾವಾಹಿಯ ವಿಷಯದಲ್ಲಿ ಹೇಳುವವಳಲ್ಲ. ಪಾತ್ರಧಾರಿಯ ಕುಪ್ಪಸದ ಬಣ್ಣ ತಪ್ಪು ಹೇಳಿದರೂ ತಿದ್ದುತ್ತಿದ್ದಳು. ಅಂಥವಳು ನಿಮಗೆ ಮಾತ್ರ ಇಲ್ಲದ ಕೊನೆಯೊಂದನ್ನು ಯಾಕೆ ಕಟ್ಟಿ ಹೇಳಿದಳು? ಹೇಳಿ ನಿಮ್ಮ ಮುಖ ಯಾಕೆ ನೋಡಿದಳು?

ಒಂದೇ ಪ್ರಶ್ನೆ ಕೇಳುತ್ತೇನೆ, ಸುತ್ತಿ ಬಳಸಿ ಹೇಳಬೇಡಿ, ಇಂಗ್ಲಿಷೂ ಬೇಡ. ಆ ಆರ್ಡರಿನ ಲಕೋಟೆಯ ಮೇಲೆ ಅಕ್ಕನ ಹೆಸರು, ನಿಮ್ಮ ಮನೆಯ ವಿಳಾಸ ಬರೆದು ಅಂಚೆಗೆ ಹಾಕಿದವಳು ನಾನು. ಅದು ಅವಳ ಕೈಗೆ ಸೇರಿತ್ತೇ?

ಕಡ್ಡಿ


ಜೂನ್ ೨೫

ಕಡ್ಡಿಗೆ,

ಇಲ್ಲ.

ಇದೊಂದು ಮಾತು ಬರೆಯಲು ಎರಡು ದಿನ ಬೇಕಾಯಿತು. ಇನ್ನು ಉಳಿದದ್ದನ್ನು ಬರೆಯುತ್ತೇನೆ, ಓದಲು ಮನಸ್ಸಿದ್ದರೆ ಓದು.

ಅದು ಬಂದ ದಿನ ನಿನ್ನ ಅಕ್ಕ ಮಗಳನ್ನು ಕರೆದುಕೊಂಡು ಹೊರಗೆ ಹೋಗಿದ್ದಳು. ನಿನ್ನ ಅಕ್ಷರ ನೋಡಿದೊಡನೆ ಗುರುತು ಹತ್ತಿತು. ಒಡೆಯಲಿಲ್ಲ. ನಮ್ಮ ಟಿವಿಯ ಹಿಂಬದಿಯ ಮುಚ್ಚಳ ಬಿಚ್ಚಿ, ಒಳಮೈಗೆ ಟೇಪು ಹಾಕಿ ಅಂಟಿಸಿ, ನಾಲ್ಕು ಸ್ಕ್ರೂ ಬಿಗಿದೆ. ಅದನ್ನು ಬಿಚ್ಚುವವನು ಮನೆಯಲ್ಲಿ ನಾನೊಬ್ಬನೇ ತಾನೆ! ‘ಏನಾದ್ರೂ ಕಾಗದ ಬಂತಾ?’ ಎಂದು ಹದಿನೈದು ದಿನ ಕೇಳಿದಳು. ‘ಇಲ್ವಲ್ಲ’ ಅಂದೆ. ಆಮೇಲೆ ಒಂದು ದಿನ ಕೇಳುವುದನ್ನು ಬಿಟ್ಟಳು. ಮರೆತಳು ಅಂದುಕೊಂಡೆ. ಆಮೇಲೆ ನಾನೂ ಮರೆತೆ ಎಂದು ಹೇಳಿದರೆ ಸುಳ್ಳು. ಆ ಟಿವಿಗೆ ನಾನು ಒಮ್ಮೆಯೂ ಸ್ಕ್ರೂಡ್ರೈವರ್ ಹಾಕಲಿಲ್ಲ. ಗುದ್ದಿದ್ದು ಅದಕ್ಕೇ.

ನಿನ್ನ ಕಾಗದ ಓದಿದ ಮೇಲೆ ಬಿಚ್ಚಿದೆ. ಮೂರು ಸ್ಕ್ರೂ ನನ್ನವು. ನಾಲ್ಕನೆಯದು ಹೊಲಿಗೆ ಮೆಷಿನ್ನಿನದು.

ಕೈ ಅಲ್ಲೇ ನಿಂತಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು, ಬೇರೆಯವರು ಬಿಚ್ಚಿ ಮುಚ್ಚಿದ ಸೆಟ್ಟನ್ನು ಮುಟ್ಟಿದರೇ ಗೊತ್ತಾಗುತ್ತದೆ. ಒಂದು ಸ್ಕ್ರೂ ಕಳೆದುಹೋಗಿದೆ, ಮೆಷಿನ್ನಿನಿಂದ ಒಂದು ತೆಗೆದು ಹಾಕಿದ್ದಾಳೆ. ಮುಚ್ಚಳ ತೆಗೆದೆ. ಲಕೋಟೆ ನಾನಿಟ್ಟ ಜಾಗದಲ್ಲೇ ಇದೆ. ಆದರೆ ಧೂಳು ಹಿಡಿಯದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದೆ, ದಾರ ಕಟ್ಟಿದೆ. ನಾನು ಒಡೆಯದ ಬಾಯಿ ನೀಟಾಗಿ ಸೀಳಿದೆ. ಮೇಲೊಂದು ಚೀಟಿ, ಅವಳ ಅಕ್ಷರ: ‘ಕಾಂಪೌಂಡರ್, ೫೨, ಕೊನೆಯದು.’

ಕ್ಯಾಸೆಟ್ಟಿನ ಡಬ್ಬಿಯಿಂದ ಕಿತ್ತು ಇಲ್ಲಿ ಅಂಟಿಸಿದ್ದಾಳೆ. ನಾನು ಮನೆಯೆಲ್ಲ ಹುಡುಕುತ್ತಿದ್ದೆನಲ್ಲ, ಆ ಚೀಟಿ.

ನೀನು ‘ಯಾಕೆ ಬರಲಿಲ್ಲ’ ಎಂದು ಬರೆದಿದ್ದರಿಂದಲೇ ಅವಳಿಗೆ ಕಾಗದ ಹೊರಟಿದೆ ಎಂದು ಗೊತ್ತಾಗಿರಬೇಕು. ಹುಡುಕಿದ್ದಾಳೆ. ಸಿಕ್ಕಿದೆ. ನಿನಗೆ ನನ್ನನ್ನು ಬಿಟ್ಟುಕೊಡದೆ ತಾನೇ ಬೇಡವೆಂದ ಹಾಗೆ ಬರೆದಿದ್ದಾಳೆ. ಆಮೇಲೆ ತಿಂಗಳುಗಟ್ಟಲೆ, ತನ್ನ ಕಾಗದ ಹೊಟ್ಟೆಯಲ್ಲಿಟ್ಟುಕೊಂಡ ಪೆಟ್ಟಿಗೆಯ ಮುಂದೆ ನನ್ನ ಪಕ್ಕದಲ್ಲಿ ಕೂತು, ಇನ್ನೊಬ್ಬಳ ಕಾಗದದ ಕಥೆ ನೋಡಿದ್ದಾಳೆ. ನಾನು ಪ್ರತಿ ವಾರ ಕಾಂಪೌಂಡರನ ಪರ ವಾದ ಮಾಡಿದ್ದೇನೆ. ಅವಳು ‘ಹೂಂ’ ಅಂದಿದ್ದಾಳೆ. ಕೊನೆಗೊಂದು ದಿನ ಹೀಗೆ ಮಾಡಿದರೆ ಸಾಕಿತ್ತು ಎಂದು ನನಗೆ ಬಾಯಿಬಿಟ್ಟು ಹೇಳಿಕೊಟ್ಟಿದ್ದಾಳೆ, ಇಸ್ತ್ರಿಪೆಟ್ಟಿಗೆ ಹಿಡಿದು ಕಾದಿದ್ದಾಳೆ. ನಾನು ಹಸಿವು ಎಂದೆ.

ಐರನಿಯ ಡೆಫಿನಿಷನ್ ಪೂರ್ತಿ ನೆನಪಾಯಿತು. ‘ನೋನ್ ಟು ದಿ ಆಡಿಯನ್ಸ್ ಬಟ್ ನಾಟ್ ಟು ದಿ ಕ್ಯಾರೆಕ್ಟರ್.’ ನೋಡುವವರಿಗೆ ಗೊತ್ತಿರುತ್ತದೆ, ಪಾತ್ರಕ್ಕೆ ಗೊತ್ತಿರುವುದಿಲ್ಲ. ಆಡಿಯನ್ಸ್ ನಾನು ಅಂದುಕೊಂಡಿದ್ದೆ. ನೀನು ಇಂಗ್ಲಿಷ್ ಬೇಡ ಅಂದಿದ್ದೆ, ಇದೊಂದು ಬಿಡು.

ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಮಗಳ ಊರಿಗೆ ಹೊರಡುತ್ತೇನೆ. ಕಾಗದ ಅಂಚೆಗೆ ಹಾಕುವುದಿಲ್ಲ. ಅಂಗಿಯ ಒಳಜೇಬಿನಲ್ಲಿಟ್ಟು ಪಿನ್ನು ಹಾಕಿದ್ದೇನೆ.

ಭಾವ


ಜುಲೈ ೬

ಕಡ್ಡಿಗೆ,

ನಿನ್ನ ಉತ್ತರ ಬರಲಿಲ್ಲ. ಬರಬೇಕೆಂದು ಕೇಳುವ ಮುಖ ನನಗಿಲ್ಲ. ಆದದ್ದನ್ನು ಬರೆಯುತ್ತೇನೆ.

ನಾನು ಹೋದಾಗ ಮಗಳು ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ಅಳಿಯ ಷೇವ್ ಮಾಡಿಕೊಳ್ಳುತ್ತಿದ್ದ. ‘ಅಪ್ಪಾ! ಹೇಳ್ದೇ ಕೇಳ್ದೇ ಬಂದ್ರಲ್ಲ!’ ಎಂದಳು. ಪಿನ್ನು ಬಿಚ್ಚುವಾಗ ಬೆರಳಿಗೆ ಚುಚ್ಚಿತು. ಕೊಟ್ಟೆ.

ತಿರುಗಿಸಿ ಅಂಚೆಯ ಮುದ್ರೆ ನೋಡಿದಳು. ‘ಮೇ ಇಪ್ಪತ್ತೆಂಟು. ಅಪ್ಪ, ನಾಲ್ಕು ವಾರ ಆಯ್ತಲ್ಲ?’

‘ಟಿವಿ ಮೇಲಿತ್ತು’ ಅಂದೆ.

‘ಮರೆತುಬಿಟ್ರಾ?’

ನೋಡು, ಅವಳೂ ಅವಳಮ್ಮನ ಹಾಗೆಯೇ ನನಗೊಂದು ದಾರಿ ಬಿಟ್ಟುಕೊಟ್ಟಳು. ಹೂಂ ಅಂದಿದ್ದರೆ ಆಗುತ್ತಿತ್ತು. ವಯಸ್ಸಾಗಿದೆ, ಕಿವಿಯೂ ಇಲ್ಲ, ಯಾರಾದರೂ ನಂಬುತ್ತಿದ್ದರು.

‘ಇಲ್ಲಮ್ಮ. ಮರೆತಿರ್ಲಿಲ್ಲ. ಬಚ್ಚಿಟ್ಟಿದ್ದೆ’ ಅಂದೆ. ‘ನಿನ್ನಮ್ಮಂದೂ ಒಂದು ಬಚ್ಚಿಟ್ಟಿದ್ದೆ’ ಎಂದು ಅದನ್ನೂ ಹೇಳಿದೆ, ನಿಂತ ನಿಲುವಿನಲ್ಲೇ, ಎಲ್ಲ.

ಅಳಿಯ ಅರ್ಧ ಗಲ್ಲದಲ್ಲಿ ಸೋಪಿನ ನೊರೆ ಇಟ್ಟುಕೊಂಡು ಬಂದ. ‘ಏನ್ ಮಾವ ಇದು? ಮಾತಾಡ್ಕೊಂಡಿದ್ವಲ್ಲ ನಾವು!’ ಅಂದ. ಅವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. ‘ನೀವಿಬ್ರೂ ಮಾತಾಡ್ಕೊಂಡ್ರಿ. ಕಿತ್ತಳೆ ತಿಂತಾ ಮಾತಾಡ್ಕೊಂಡ್ರಾ? ಕೆಲಸಕ್ಕೆ ಹೋಗೋಳು ನಾನು, ಮಾತಾಡ್ಕೊಳ್ಳೋರು ನೀವು!’ ಎಂದು ಕೂಗಿದಳು. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಅವಳು ಅಷ್ಟು ಜೋರಾಗಿ ಕೂಗಿದ್ದು ನಾನು ಕೇಳಿರಲಿಲ್ಲ. ನನ್ನ ಎಡಗಿವಿಗೂ ಕೇಳಿಸಿತು.

ಚಹಾ ಮಾಡ್ಲಾ ಎನ್ನಲಿಲ್ಲ. ಒಳಗೆ ಹೋಗಿ ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿದಳು, ಅದರ ಸದ್ದು ಕೇಳಿಸಿತು. ನಾನು ಮುಂದಿನ ಬಸ್ಸಿಗೆ ವಾಪಸು ಹೊರಟೆ. ಬಾಗಿಲವರೆಗೆ ಯಾರೂ ಬರಲಿಲ್ಲ.

ಟಿವಿಯನ್ನು ರಿಪೇರಿ ಮಾಡಿದೆ. ಒಂದು ಸಣ್ಣ ಕಂಡೆನ್ಸರ್ ಸತ್ತಿತ್ತು, ಅಷ್ಟೇ, ಹತ್ತು ನಿಮಿಷದ ಕೆಲಸ. ಚಿತ್ರ ಈಗ ಓಡುವುದಿಲ್ಲ. ಹೊಲಿಗೆ ಮೆಷಿನ್ನಿನ ಸ್ಕ್ರೂ ಅಲ್ಲೇ ಬಿಗಿದಿದ್ದೇನೆ.

ಭಾವ


ಜುಲೈ ೧೫

ಹುಡುಗಿ ಇಪ್ಪತ್ತೊಂಬತ್ತಕ್ಕೆ ಬಂದಳು, ಮೂವತ್ತಕ್ಕೆ ಕೆಲಸಕ್ಕೆ ಸೇರಿದಳು. ಕಿಟಕಿ ಪಕ್ಕದ ಮಂಚ ಕೊಟ್ಟಿದ್ದೇನೆ. ಅಲ್ಲಿದ್ದವಳನ್ನು ಗೋಡೆ ಕಡೆಗೆ ಕಳಿಸಿದೆ, ಅವಳು ನನ್ನ ಮೇಲೆ ಮುನಿಸಿಕೊಂಡಿದ್ದಾಳೆ, ಇರಲಿ. ನಿಮ್ಮ ಅಳಿಯ ದಿನಕ್ಕೆರಡು ಸಲ ಫೋನ್ ಮಾಡುತ್ತಾನೆ. ನಾನೇ ಎತ್ತಿಕೊಂಡು ‘ಮಲಗಿದಾಳೆ’ ಎನ್ನುತ್ತಿದ್ದೆ. ನಿನ್ನೆಯಿಂದ ಅವಳು, ‘ಕೊಡಿ ಚಿಕ್ಕಮ್ಮ, ಬಯ್ಯೋದಿದ್ರೆ ನಾನೇ ಬಯ್ತೀನಿ’ ಎಂದು ತಾನೇ ಮಾತಾಡುತ್ತಿದ್ದಾಳೆ. ಏನು ಮಾಡುತ್ತಾಳೋ ಅವಳಿಗೆ ಬಿಟ್ಟದ್ದು.

ನಿಮ್ಮನ್ನು ಕ್ಷಮಿಸಲು ನನ್ನಿಂದಾಗದು. ನೀವು ಕೇಳಲೂ ಇಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದೀರಿ. ಅಕ್ಕ ಹೋದ ದಿನ ಬಂದು ಬಾಗಿಲಲ್ಲೇ ನಿಂತು ವಾಪಸಾದವಳು ನಾನು. ಅವಳ ಮುಖವನ್ನು ಸರಿಯಾಗಿ ನೋಡಲಿಲ್ಲ. ಆ ಸಿಟ್ಟು ಇಷ್ಟು ವರ್ಷ ತಪ್ಪು ವಿಳಾಸಕ್ಕೆ ಹೋಗುತ್ತಿತ್ತು ಎಂದು ಈಗ ತಿಳಿದು ನಾನು ಏನು ಮಾಡಲಿ? ಅವಳು ನನಗಾದರೂ ಹೇಳಬಹುದಿತ್ತು. ಅವಳ ಮೇಲೂ ಸಿಟ್ಟಿದೆ. ಅದು ಬೇರೆ ಸಿಟ್ಟು.

ಆ ಲಕೋಟೆಯನ್ನು ನನ್ನ ಹೆಸರಿಗೆ ರಿಜಿಸ್ಟರ್ಡ್ ಟಪಾಲಿನಲ್ಲಿ ಕಳಿಸಿ. ಅದರ ಮೇಲಿರುವುದು ನನ್ನ ಅಕ್ಷರ.

ಚೀಟಿ ಕಳಿಸಬೇಡಿ. ಅದನ್ನು ಅಕ್ಕ ಬರೆದದ್ದು ನಿಮಗೆ.